ಆಟಿಕೆ ಬಸ್ಸುಗಳಿಗೆ ಮನೆ ಬಿಡಿಸಿದ್ದು

ಆಲೆಮನೆಯ ಹೊಗೆಗೆ ಹೆದರಿ ನಾವು ಪಾಂಡವಪುರ ಬಿಟ್ಟೆವು. ನನ್ನ ಹೆಂಡತಿಗೆ ಉಬ್ಬಸ. ನಾವಿದ್ದ ಬಾಡಿಗೆ ಮನೆಯ ಹಿಂದೆ ಎರಡು ಗದ್ದೆ ದಾಟಿದರೆ ಬೆಲ್ಲ ಕಾಯಿಸುವ ಆಲೆಮನೆ. ಗಾಳಿ ನಮ್ಮ ಕಡೆ ತಿರುಗಿದರೆ ಒಗೆದು ಹರವಿದ ಬಟ್ಟೆಗೂ ಹೊಗೆಯ ವಾಸನೆ ಹತ್ತುತ್ತಿತ್ತು. ಅಕ್ಕಪಕ್ಕದವರು, ಗಂಜಾಮಿನಲ್ಲಿರುವ ಅವಳ ಅಕ್ಕ, ಔಷಧಿ ಅಂಗಡಿಯವನು, ಎಲ್ಲರ ಬಾಯಲ್ಲೂ ಒಂದೇ ಮಾತು: ಹೊಗೆ. ನಮ್ಮ ಕಡೆ ಯಾರಿಗೆ ಕೆಮ್ಮು ಬಂದರೂ ಮೊದಲು ಬೈಸಿಕೊಳ್ಳುವುದು ಆಲೆಮನೆಯೇ. ನಾನೂ ಬೈದೆ. ಬೈದು, ಶ್ರೀರಂಗಪಟ್ಟಣದಲ್ಲಿ ಒಂದು ಚಿಕ್ಕ ಮನೆ ಹುಡುಕಿ, ಗೂಡ್ಸ್ ಆಟೋ ಕರೆಸಿದೆ.

ಆಟೋದ ಮೊದಲ ಟ್ರಿಪ್ಪಿನಲ್ಲಿ ಬಂದದ್ದು ಪಾತ್ರೆಯೂ ಅಲ್ಲ, ಹಾಸಿಗೆಯೂ ಅಲ್ಲ. ನನ್ನ ಆಟಿಕೆ ಬಸ್ಸುಗಳು, ಅವಕ್ಕೆ ಬಳಿಯುವ ಬಣ್ಣದ ಡಬ್ಬಗಳು, ಬಣ್ಣ ತೆಳುಮಾಡುವ ಥಿನ್ನರಿನ ಕ್ಯಾನು. ಡ್ರೈವರ್ ಪಕ್ಕದಲ್ಲಿ ಕೂತು, ಕ್ಯಾನು ಉರುಳದಂತೆ ಎರಡೂ ಪಾದಗಳ ನಡುವೆ ಒತ್ತಿ ಹಿಡಿದುಕೊಂಡು ಬಂದೆ. ಈಗ ಅದನ್ನು ನೆನೆದರೆ ನಗು ಬರುತ್ತದೆ, ಆಮೇಲೆ ಮೈ ಉರಿಯುತ್ತದೆ.

ನಾನು ಪೇಂಟರು. ಬಸ್ಸು, ಲಾರಿ, ಟ್ರಾಕ್ಟರಿನ ಟ್ರೈಲರು, ಅಂಗಡಿಯ ಗೋಡೆ, ಎಲ್ಲದರ ಮೇಲೂ ಹೆಸರು ಬರೆದಿದ್ದೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಓಡಿದ ಪ್ರೈವೇಟ್ ಬಸ್ಸುಗಳಲ್ಲಿ ನನ್ನ ಬ್ರಶ್ಶು ಮುಟ್ಟದೆ ಉಳಿದವು ಕಡಿಮೆ. ಮದುವೆಯಾದ ಹೊಸದರಲ್ಲಿ ಉರುಸಿನ ಅಂಗಡಿಯಿಂದ ಒಂದು ತಗಡಿನ ಬಸ್ಸು ತಂದೆ. ಅದರ ಮೇಲೆ ಯಾವುದೋ ಕಾಣದ ದೇಶದ ಬಣ್ಣ. ಸಹಿಸಲಾಗಲಿಲ್ಲ. ಎಮರಿ ಪೇಪರಿನಲ್ಲಿ ಉಜ್ಜಿ, ಆ ವಾರ ನಾನೇ ಬರೆದು ಕಳಿಸಿದ್ದ ಕೆ.ಆರ್.ಪೇಟೆಯ ಬಸ್ಸಿನ ಬಣ್ಣವನ್ನೇ ಅದಕ್ಕೂ ಬಳಿದೆ. ಹಣೆಯ ಮೇಲೆ ದೇವರ ಹೆಸರು, ಪಕ್ಕಕ್ಕೆ ಊರುಗಳ ಹೆಸರು, ಹಿಂದೆ 'ಹಾರ್ನ್ ಮಾಡಿ'. ಅಲ್ಲಿಂದ ಹಿಡಿದ ಹುಚ್ಚು.

ಆಮೇಲೆ ಸಂತೆಗೆ ಹೋದರೆ ಬಸ್ಸು, ಮೈಸೂರಿಗೆ ಹೋದರೆ ಬಸ್ಸು. ನೆಂಟರು ಬಂದರೆ ಬಿಸ್ಕತ್ತಿನ ಬದಲು ಬಸ್ಸು ತರುವುದಕ್ಕೆ ಶುರುಮಾಡಿದರು. ಪ್ಲಾಸ್ಟಿಕ್ಕಿನವು, ಮರದವು, ಒಂದು ಚಕ್ರ ಇಲ್ಲದವು, ಎಲ್ಲವೂ ಬರುತ್ತಿದ್ದವು. ಓಡಾಟ ನಿಲ್ಲಿಸಿದ ಬಸ್ಸೂ ನನ್ನ ಬೀರುವಿನಲ್ಲಿ ಓಡುತ್ತಿತ್ತು. ಹಳೆಯ ಡ್ರೈವರುಗಳು ಮನೆಗೆ ಬಂದು ತಮ್ಮ ತಮ್ಮ ಬಸ್ಸು ಗುರುತಿಸಿ, ಟೀ ಕುಡಿದು ಹೋಗುತ್ತಿದ್ದರು. ನನಗೆ ಅದರ ಜಂಬ ಇತ್ತು. ಇಲ್ಲ ಎಂದು ಹೇಳುವುದು ಸುಳ್ಳಾಗುತ್ತದೆ.

ಶ್ರೀರಂಗಪಟ್ಟಣಕ್ಕೆ ಬಂದರೆ ಉಬ್ಬಸವೂ ನಮ್ಮ ಹಿಂದೆಯೇ ಬಂತು. ಇಲ್ಲಿ ಬೈಯಲು ಆಲೆಮನೆ ಹತ್ತಿರ ಇರಲಿಲ್ಲ. ಕಾವೇರಿಯನ್ನು ಬೈದೆ. ಹೊಳೆಯ ಥಂಡಿ ಕಣೇ, ನಿನಗೆ ಆಗುವುದಿಲ್ಲ ಎಂದೆ. ಅವಳು ಸ್ವಲ್ಪ ದಿನ ಗಂಜಾಮಿಗೆ, ಅಕ್ಕನ ಮನೆಗೆ ಹೋಗಿದ್ದು ಬಂದಳು. ಆ ಮನೆ ಹೊಳೆಗೆ ನಮ್ಮದಕ್ಕಿಂತ ಇನ್ನೂ ಹತ್ತಿರ. ಅಲ್ಲಿದ್ದಷ್ಟು ದಿನ ಇನ್ಹೇಲರನ್ನು ಚೀಲದಿಂದ ಆಚೆ ತೆಗೆಯಲಿಲ್ಲವಂತೆ.

ನಮ್ಮ ಮನೆಯಲ್ಲಿ ಮಾತು ಉರ್ದು. ಆದರೆ ಅವಳು ಬೆಳೆದದ್ದು ಸಿಂಧಘಟ್ಟದಲ್ಲಿ, ಒಕ್ಕಲು ಮನೆಗಳ ನಡುವೆ. ಸಿಟ್ಟು ಬಂದರೆ ಅವಳಿಗೆ ಕನ್ನಡವೇ ಬೇಕು. ಅವತ್ತು ಚೀಲ ಕೆಳಗಿಟ್ಟವಳೇ ನನ್ನ ಬೀರುವಿನ ಕಡೆ ಕೈ ಮಾಡಿ ಕನ್ನಡದಲ್ಲಿ ಹೇಳಿದಳು: "ಒಳೆ ಮಗ್ಗುಲಲ್ಲಿ ಉಸ್ರು ಸಲೀಸಾಗಿ ಆಡ್ತದೆ. ನಿಮ್ ಬಸ್ ಸ್ಟಾಂಡಲ್ಲಿ ಆಡಾಕಿಲ್ಲ."

ನಾನು ಕೇಳಿಸಿಕೊಂಡೆ, ಆದರೆ ಪೂರ್ತಿ ಒಪ್ಪಲಿಲ್ಲ. ಬಣ್ಣವನ್ನು ಮಹಡಿಯ ಮೇಲೆ ಬಳಿದರಾಯಿತು ಎಂದುಕೊಂಡೆ. ಮಹಡಿಯ ಮೇಲೆ ಗಾಳಿಗೆ ಧೂಳು ಹಾರಿ ಹಸಿ ಬಣ್ಣಕ್ಕೆ ಅಂಟಿತು. ಒಂದು ಬಸ್ಸನ್ನು ಕೋತಿ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತು. ಕೆಳಗಿನಿಂದ ಕೂಗಿ ಬೈದದ್ದಕ್ಕೆ ಬಸ್ಸನ್ನು ನನ್ನ ಕಡೆಗೇ ಎಸೆಯಿತು. ಮತ್ತೆ ಒಳಗೇ ಶುರುವಾಯಿತು ಕೆಲಸ, ಕಿಟಕಿ ಮುಚ್ಚಿಕೊಂಡು.

ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಒಂದು ಬಸ್ಸಿಗೆ ಕೆಂಪು ಹಚ್ಚುತ್ತಾ ಕೂತಿದ್ದೆ. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ತಿಳಿಯಲಿಲ್ಲ. ಹೋಗಿ ನೋಡಿದರೆ ಅವಳು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ನನ್ನನ್ನು ಕರೆಯಲು ಅವಳಿಗೆ ಉಸಿರಿರಲಿಲ್ಲ. ಇನ್ಹೇಲರು ಹಿಡಿದರೆ ಎಳೆದುಕೊಳ್ಳಲೂ ಆಗುತ್ತಿರಲಿಲ್ಲ. ಎದುರು ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳ ಬೆನ್ನು ನೀವುತ್ತಿದ್ದೆ. ಆಸ್ಪತ್ರೆಯಲ್ಲಿ ನೋಡಿದರೆ ಅವಳ ಕುಪ್ಪಸದ ಬೆನ್ನ ತುಂಬ ನನ್ನ ಬೆರಳಿನ ಕೆಂಪು.

ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರಮ್ಮ ಆ ಕೆಂಪನ್ನು ನೋಡಿ, "ಏನ್ರೀ ಇದು?" ಎಂದರು. ಪೇಂಟು ಎಂದೆ. "ಮನೆ ಒಳಗೇನಾ?" ಎಂದರು. ಹೌದು ಎಂದೆ. ಅವರು ಬೈಯಲಿಲ್ಲ. ಇವರಿಗೆ ಬಣ್ಣ, ಥಿನ್ನರು ಯಾವುದರ ಗಾಳಿಯೂ ಸೋಕಬಾರದು, ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ತಲುಪುವಷ್ಟು ಹೊತ್ತು ಸಿಗುತ್ತದೆ ಎಂದು ನಂಬಬೇಡಿ ಎಂದರು. ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತು ಅತ್ತೆ.

ಅವಳು ಮನೆಗೆ ಬಂದ ದಿನವೇ ಹೇಳಿದೆ, ಇನ್ನು ಮೇಲೆ ಒಂದು ಬಸ್ಸೂ ಈ ಹೊಸ್ತಿಲು ದಾಟುವುದಿಲ್ಲ ಎಂದು. ಅವಳು "ಆಯ್ತು ಬುಡಿ" ಎಂದಳು. ಅವಳಿಗೆ ನಂಬಿಕೆ ಇರಲಿಲ್ಲ. ನಂಬುವುದಕ್ಕೆ ನಾನು ಕಾರಣವನ್ನೂ ಕೊಟ್ಟಿರಲಿಲ್ಲ. ಹಿಂದೊಂದು ಕಾಲದಲ್ಲಿ ಬೀಡಿ ಬಿಡುತ್ತೇನೆಂದು ಬೀಡಿ ಹಚ್ಚಿಕೊಂಡೇ ಹೇಳಿದ ಗಂಡಸು ನಾನು.

ಬಣ್ಣ ಬಿಟ್ಟು ಆಟಿಕೆ ಮಾತ್ರ ಇಟ್ಟುಕೊಳ್ಳಬಹುದಲ್ಲ ಎಂದು ಕೆಲವರು ಕೇಳಿದರು. ಅವರಿಗೆ ನನ್ನ ವಿಷಯ ಗೊತ್ತಿಲ್ಲ. ಬಸ್ಸು ಒಳಗೆ ಬಂದರೆ ಬ್ರಶ್ಶು ಹಿಂದೆಯೇ ಬರುತ್ತದೆ. ಎದುರಿಗೆ ಕೂತ ಬಸ್ಸಿನ ಬಣ್ಣ ಸರಿಯಿಲ್ಲದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಹಾಗಾಗಿ ಹೊಸದು ತರುವುದಷ್ಟೇ ಅಲ್ಲ, ಇದ್ದದ್ದನ್ನೂ ಕಳಿಸಬೇಕು. ಡಬ್ಬ, ಥಿನ್ನರು, ಬ್ರಶ್ಶುಗಳನ್ನು ಬಸ್ ಸ್ಟಾಂಡಿನ ಹತ್ತಿರ ಶೆಡ್ಡು ಹಾಕಿಕೊಂಡಿರುವ ಇನ್ನೊಬ್ಬ ಪೇಂಟರಿಗೆ ಒಪ್ಪಿಸಿದೆ. ಹೊರಗೆ ಗೋಡೆ ಬರೆಯುವ ಕೆಲಸ ಬಂದರೆ ಅಲ್ಲಿಂದಲೇ ತೆಗೆದುಕೊಂಡು, ಅಲ್ಲೇ ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಮನೆಗೆ ಬರುವುದು. ಗೋಡೆಗೆ ಸುಣ್ಣ ಹೊಡೆಸಿ, ಅದು ಒಣಗುವವರೆಗೆ ಅವಳನ್ನು ಗಂಜಾಮಿನಲ್ಲಿ ಬಿಟ್ಟೆ.

ಆಮೇಲೆ ಬಸ್ಸುಗಳನ್ನು ಹಂಚಲು ಹೊರಟೆ. ಯಾರು ಯಾವ ಬಸ್ಸು ಓಡಿಸಿದರೋ ಅವರಿಗೆ ಅದೇ ಬಸ್ಸು. ಪಾಂಡವಪುರದ ಒಬ್ಬ ಡ್ರೈವರು ತನ್ನದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಟಿವಿಯ ಪಕ್ಕ ಇಟ್ಟ, ಮನೆಮಂದಿಯನ್ನೆಲ್ಲ ಕರೆದು ತೋರಿಸಿದ. ಕೆ.ಆರ್.ಪೇಟೆಯ ಒಬ್ಬ ಮಾಲೀಕರು ಕನ್ನಡಕ ಏರಿಸಿ ನೋಡಿ, "ನಮ್ ಬಸ್ಸಿನ ಪಟ್ಟಿ ಅಸ್ರು ಕಣಯ್ಯ, ನೀಲಿ ಅಲ್ಲ" ಎಂದರು. ನೀಲಿಯೇ ಎಂದೆ. ಅಸ್ರೇ ಎಂದರು. ಆ ಪಟ್ಟಿ ಎಳೆದದ್ದು ನಾನೇ ಸ್ವಾಮಿ ಎಂದರೂ ಬಿಡಲಿಲ್ಲ. ಅವರ ಹೆಂಡತಿ ಮಧ್ಯೆ ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟು ಜಗಳ ನಿಲ್ಲಿಸಿದರು. ಮಾಲೀಕರು ಬಸ್ಸನ್ನು ಮಾತ್ರ ಇಟ್ಟುಕೊಂಡರು. ನಾಗಮಂಗಲದಲ್ಲಿ ಒಬ್ಬನು, "ಇದ ಇಟ್ಕಂಡು ನಾನೇನ್ ಮಾಡ್ಲಿ?" ಎಂದು ಬಾಗಿಲಲ್ಲೇ ವಾಪಸ್ಸು ಕೊಟ್ಟ. ಬೇಜಾರಾಯಿತು. ಅದನ್ನು ವಾಪಸ್ಸು ಬರುವ ಬಸ್ಸಿನ ಕಂಡಕ್ಟರಿಗೆ ಕೊಟ್ಟೆ, ಮನೆಗೆ ತರಲಿಲ್ಲ.

ಬೀರು ಖಾಲಿಯಾಯಿತು. ಅದರಲ್ಲಿ ಈಗ ಹೊದಿಕೆಗಳಿವೆ. ಸಂತೆಯಲ್ಲಿ ಆಟಿಕೆ ಅಂಗಡಿಯ ಸಾಲು ಬಂದರೆ ನಾನು ತರಕಾರಿಯ ಕಡೆ ತಿರುಗುತ್ತೇನೆ. ಕೆ.ಆರ್.ಪೇಟೆಯ ಅಂಗಡಿಯವನೊಬ್ಬ ನನಗೆಂದೇ ಬಸ್ಸು ಎತ್ತಿಟ್ಟು ಫೋನು ಮಾಡುತ್ತಿದ್ದ. ಬೇಡ ಎಂದರೂ ಮಾಡುತ್ತಿದ್ದ. ಕೊನೆಗೆ ಅವನ ನಂಬರು ನೋಡಿದರೆ ಫೋನನ್ನು ತಲೆದಿಂಬಿನ ಕೆಳಗೆ ಇಡುತ್ತಿದ್ದೆ. ಕೈ ಸುಮ್ಮನಿರುತ್ತಿರಲಿಲ್ಲ. ಬೆರಳು ತೊಡೆಯ ಮೇಲೆ ಅಕ್ಷರ ಬರೆಯುತ್ತಿತ್ತು. ಬರೆದುಕೊಳ್ಳಲಿ ಎಂದು ಬಿಟ್ಟೆ.

ಹೀಗೆ ತಿಂಗಳುಗಳು ಕಳೆದ ಮೇಲೆ ನನ್ನ ಹಳೆಯ ಗೆಳೆಯ ಬಂದ. ಬಿಂಡಿಗನವಿಲೆಯ ಕಡೆಯವನು, ಕಂಡಕ್ಟರಾಗಿ ನಿವೃತ್ತನಾದವನು, ಈಗ ಹೊಲ, ಕುರಿ ನೋಡಿಕೊಂಡಿದ್ದಾನೆ. ನನ್ನ ಅಬ್ಬ ನಾಗಮಂಗಲದಿಂದ ಬಿಂಡಿಗನವಿಲೆ ಕಡೆಗೆ ಮುಂದೆ ಮೂತಿ ಇದ್ದ ಹಳೆಯ ಕಾಲದ ಬಸ್ಸು ಓಡಿಸುತ್ತಿದ್ದರು. ಇವನು ಅದರಲ್ಲಿ ಕ್ಲೀನರಾಗಿ ಸೇರಿದವನು. ಬಸ್ಸಿನ ಹಣೆಯ ಮೇಲೆ ಮಾಲೀಕರ ಮನೆದೇವರ ಹೆಸರು. ಅಬ್ಬ ಬೆಳಿಗ್ಗೆ ಬಿಸ್ಮಿಲ್ಲಾ ಎಂದು ಹತ್ತುವ ಮುಂಚೆ ಆ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ನಾಲ್ಕು ತಾಲ್ಲೂಕಿನ ಬಸ್ಸು ಮಾಡಿದ ನಾನು ಅದೊಂದನ್ನು ಮಾತ್ರ ಮಾಡಿರಲಿಲ್ಲ. ಆ ತರಹ ಮೂತಿ ಇರುವ ಆಟಿಕೆ ಎಲ್ಲೂ ಸಿಕ್ಕಿರಲಿಲ್ಲ. ಎಷ್ಟು ವರ್ಷ ಹುಡುಕಿದೆನೋ.

ಗೆಳೆಯ ತಂದಿದ್ದ ಟವೆಲ್ಲಿನ ಗಂಟು ಬಿಚ್ಚಿದ. ಒಳಗೆ ಮರದ ಬಸ್ಸು. ಉದ್ದನೆಯ ಮೂತಿ, ದುಂಡನೆಯ ಮಡ್‌ಗಾರ್ಡು, ಮೇಲೆ ಲಗೇಜಿನ ಕಟಾಂಜನ. ಊರಿನ ಬಡಗಿಯ ಪಕ್ಕ ಕೂತು, ಬಾಯಲ್ಲಿ ಹೇಳಿ ಹೇಳಿ ಮಾಡಿಸಿದ್ದನಂತೆ.

"ತಕಳ್ಲಾ, ನಿಮ್ಮಪ್ಪನ ಬಸ್ಸು" ಎಂದ. "ಬಣ್ಣ ಒಂದು ಬಳುದ್ಬುಡು."

ನನ್ನ ಕೈ ತಾನಾಗಿ ಮುಂದೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಂಕುಳಲ್ಲಿ ಸೇರಿಸಿಕೊಂಡೆ.

"ಬ್ಯಾಡ ಕಣ್ಲಾ" ಎಂದೆ.

"ಏನ್ಲಾ ಬ್ಯಾಡ?"

"ಬುಟ್ಟುಬುಟ್ಟಿವ್ನಿ. ಗೊತ್ತಲ್ಲ ನಿಂಗೆ."

"ಇದೊಂದ್ ಮಾಡ್ಬುಟ್ಟು ಬುಡ್ಲಾ. ಆ ಬಸ್ಸು ಕಂಡಿದ್ದೋರು ಈಗ ಯಾರವ್ರೆ? ನೀನು, ನಾನು."

ಅಷ್ಟರಲ್ಲಿ ನನ್ನ ಹೆಂಡತಿ ಟೀ ತಂದಳು. ಬಸ್ಸು ನೋಡಿದಳು, ನನ್ನ ಮುಖ ನೋಡಿದಳು. "ಮಾಡಿ. ನಾನು ಅಕ್ಕನ್ ಮನೇಲಿ ಒಂದ್ ವಾರ ಇದ್ದು ಬತ್ತೀನಿ. ಏನೂ ಆಗಾಕಿಲ್ಲ" ಎಂದಳು.

ಒಂದು ವಾರ! ಬೇರೆ ಬಸ್ಸಾದರೆ ಒಂದು ವಾರ ಸಾಕು. ಅಬ್ಬನ ಬಸ್ಸು ನನಗೆ ಒಂದು ವಾರದಲ್ಲಿ ಮುಗಿಯುವುದಿಲ್ಲ. ಅದರ ಪಟ್ಟಿ ಕೆಂಪೋ, ಕುಂಕುಮದ ಬಣ್ಣವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ, ಫೋಟೋ ಒಂದೂ ಇಲ್ಲ. ಬಳಿದು, ಸರಿಯಿಲ್ಲವೆಂದು ಉಜ್ಜಿ, ಮತ್ತೆ ಬಳಿದು, ವರ್ಷಗಟ್ಟಲೆ ಅದೇ ಮಾಡುತ್ತೇನೆ. ಶೆಡ್ಡಿನಲ್ಲಿ ಶುರುಮಾಡಿದರೂ ಆ ಬಸ್ಸು ನನ್ನ ಹಿಂದೆಯೇ ಮನೆಗೆ ಬರುತ್ತದೆ. ಅವಳು ಗಂಜಾಮಿನಲ್ಲೇ ಉಳಿದುಬಿಡಬೇಕಾಗುತ್ತದೆ. ಇಲ್ಲವೇ ಇಲ್ಲಿಗೆ ಬಂದು ಮತ್ತೆ ಆ ಮಂಚದ ಅಂಚು ಹಿಡಿಯಬೇಕಾಗುತ್ತದೆ. 'ಇದೊಂದು' ಎಂಬ ಮಾತನ್ನು ನಾನು ಜೀವಮಾನವಿಡೀ ಹೇಳಿದ್ದೇನೆ. ಅಬ್ಬ ನನಗೆ ಪ್ರಾಣ. ಆದರೆ ಅಬ್ಬ ಹೋಗಿಯಾಗಿದೆ, ಉಸಿರಾಡಬೇಕಾದವಳು ಇಲ್ಲಿ ಟೀ ಹಿಡಿದು ನಿಂತಿದ್ದಾಳೆ.

"ಬ್ಯಾಡ ಅಂದ್ರೆ ಬ್ಯಾಡ" ಎಂದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಯಿತು. "ನೀನೇ ಮಡೀಕೊ. ನಿನ್ನ ಬಸ್ಸೂ ಹೌದಲ್ಲ ಅದು."

ಗೆಳೆಯ ಬಸ್ಸನ್ನು ಟವೆಲ್ಲಿನಲ್ಲಿ ಸುತ್ತಿದ. ಟೀ ಮುಟ್ಟದೆ ಎದ್ದು ಹೊರಟ. ಬಸ್ ಸ್ಟಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ, "ವಸಿ ಮೊಂಡ ನೀನು, ನಿಮ್ಮಪ್ಪನಂಗೇಯ" ಎಂದ. ಮರದ ಬಸ್ಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕನ್ನಡದಲ್ಲಿ ಶುರುಮಾಡಿದಳು. "ನಿಮ್ಗೆ ಎದೆ ಅನ್ನೋದು ಐತಾ ಇಲ್ವಾ? ಆವಣ್ಣ ಅಷ್ಟು ದೂರದಿಂದ ಬಸ್ಸು ಬದ್ಲಾಯ್ಸಿ ಬದ್ಲಾಯ್ಸಿ ಮಗೀನಂಗೆ ಎತ್ಕಂಡು ಬಂದವ್ರೆ, ಒಂದ್ ಲೋಟ ಟೀ ಕುಡ್ಯೋಗಂಟ ಆದ್ರೂ ತಡ್ಕಬಾರ್ದಾ, ಅಂಗೆ ಕಿರುಚೋದಾ, ನಿಮ್ಮಬ್ಬ ಇದ್ದಿದ್ರೆ ಮನೆಗೆ ಬಂದೋರ್ನ ಇಂಗೆ ಕಳುಸ್ತಿದ್ರಾ, ನಾನೇನು ಸಾಯ್ತಾ ಬಿದ್ದಿವ್ನಾ, ನನ್ ನೆವ ಏಳ್ಕಂಡು ಊರೋರ್ ಮನಸ್ಸೆಲ್ಲಾ ಮುರೀತಾ ಇದ್ರೆ ನಾಳೆ ನಮ್ಮನೆ ಬಾಗ್ಲಿಗೆ ಯಾರ್ ಬತ್ತಾರೆ, ಈಗ್ಲೇ ಫೋನ್ ಮಾಡಿ ತಪ್ಪಾಯ್ತು ಅನ್ನಿ, ಮುಂದಿನ್ ವಾರ ಊಟಕ್ಕೆ ಕರೀರಿ, ಬಿರಿಯಾನಿ ಮಾಡ್ತೀನಿ, ಮಾಡ್ತೀನಾ ಇಲ್ವಾ ನೋಡಿ!"

ಇಷ್ಟನ್ನೂ ಅವಳು ಎಲ್ಲೂ ನಿಲ್ಲಿಸದೆ ಹೇಳಿದಳು. ಎದೆಯ ಮೇಲೆ ಕೈ ಇಡಲಿಲ್ಲ, ಗೋಡೆಗೆ ಒರಗಲಿಲ್ಲ. ಎಷ್ಟೋ ವರ್ಷಗಳಿಂದ ಅವಳ ಬೈಗುಳ ಉಸಿರು ಸಾಲದೆ ಅರ್ಧಕ್ಕೆ ನಿಂತುಹೋಗಿ, ಉಳಿದದ್ದನ್ನು ನಾನು ಅವಳ ಕಣ್ಣು ನೋಡಿ ತಿಳಿದುಕೊಳ್ಳಬೇಕಿತ್ತು. ಅವಳಿಗೆ ಅದು ಹೊಳೆದಿರಲಿಲ್ಲ, ಸಿಟ್ಟಿನಲ್ಲಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತು ಬೈಸಿಕೊಂಡೆ.

"ಇನ್ನೂ ಏನಾದ್ರೂ ಐತಾ?" ಎಂದೆ.

"ಐತೆ" ಎಂದು ಅವಳು ಮುಂದುವರಿಸಿದಳು.