ನಾದಿನಿಯ ಜಾರುಗಂಟು

ನನ್ನ ಯಜಮಾನರ ತಂಗಿ, ಅಂದರೆ ನನ್ನ ನಾದಿನಿ, ಸರ್ಕಾರಿ ಪಾರ್ಕೊಂದರಲ್ಲಿ ಟೆಂಟು ಕಟ್ಟುತ್ತಿದ್ದಳು. ಸುತ್ತ ಗುಡ್ಡ, ಕಾಡು, ನಡುವೆ ದೊಡ್ಡ ಸರೋವರ. ರಜೆ ಬಂತೆಂದರೆ ಪೇಟೆಯವರು ಮಕ್ಕಳುಮರಿ ಸಮೇತ ಬಂದು, ದೋಣಿಯಲ್ಲಿ ಸುತ್ತಿ, ಬೆಂಕಿ ಕಾಯಿಸಿಕೊಂಡು ಟೆಂಟಿನಲ್ಲಿ ಮಲಗುವರು. ಅವರಿಗೆ ಅದು ಸ್ವರ್ಗ. ಇವಳಿಗೆ ಗೂಟ, ಸುತ್ತಿಗೆ, ಹಗ್ಗ. ಗಂಡ ಅಲ್ಲೇ ದೋಣಿ ನಡೆಸುತ್ತಿದ್ದ. ಇಬ್ಬರಿಗೂ ಉಗ್ರಾಣದ ಹಿಂದೆ ಒಂದು ಕೋಣೆ.

ಟೆಂಟಿಗೆ ಹಾಕುವುದು ಜಾರುಗಂಟು. ತುದಿ ಹಿಡಿದು ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಬೆಳಿಗ್ಗೆ ಹೊರಡುವವರು ಉಗುರು ಮುರಿದುಕೊಳ್ಳುತ್ತಾರೆ. ಅವಳು ಮಾತಾಡುತ್ತಿದ್ದರೂ ಕೈ ತನ್ನ ಪಾಡಿಗೆ ಆ ಗಂಟು ಹಾಕುತ್ತಿತ್ತು.

"ಇವಳು ಹಾಕಿದ ಗಂಟಲ್ಲಿ ಬಿಚ್ಚದೇ ಉಳಿದಿರೋದು ನಾನೊಬ್ಬನೇ ಅಕ್ಕಾ," ಎಂದು ಅವಳ ಗಂಡ ನನ್ನೆದುರು ಹೇಳುವನು.

"ತುದಿ ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೀನಿ ಅತ್ತಿಗೆ," ಎನ್ನುವಳು ಇವಳು.

ಒಂದು ಸಂಜೆ ಅವನು ಜನರನ್ನು ದಡಕ್ಕಿಳಿಸುತ್ತಾ ದೋಣಿಯ ಹಗ್ಗವನ್ನು ಇವಳ ಕಡೆ ಎಸೆದ. ಇವಳು ಕಂಬಕ್ಕೆ ಕಟ್ಟಿದಳು. ದೋಣಿಗೆ ಬಿಗಿಯಾದ ಕಗ್ಗಂಟು ಬೇಕು. ದಿನವಿಡೀ ಟೆಂಟು ಕಟ್ಟಿ ಬಂದ ಕೈ ಜಾರುಗಂಟು ಹಾಕಿತ್ತು. ಬೆಳಿಗ್ಗೆ ನೋಡಿದರೆ ಗಾಳಿಗೆ ಬಿಚ್ಚಿಕೊಂಡ ದೋಣಿ ನಡುನೀರಿನಲ್ಲಿ. ತರುತ್ತೇನೆಂದು ಅವನು ಈಜಿ ಹೋದ. ಮಧ್ಯಾಹ್ನ ದೋಣಿ ತಾನಾಗಿ ದಡ ಸೇರಿತು. ಅವನು ಸಿಗಲೇ ಇಲ್ಲ. ಆ ನೀರಿನ ತಳದಲ್ಲಿ ಕಾಲಿಗೆ ಸುತ್ತಿಕೊಳ್ಳುವ ಜೊಂಡು.

ಅವಳು ಅಲ್ಲಿಂದ ಕದಲಲಿಲ್ಲ. "ಅವರು ಇಲ್ಲೇ ಇದಾರಲ್ಲ ಅತ್ತಿಗೆ, ಬಿಟ್ಟು ಎಲ್ಲಿಗ್ ಬರ್ಲಿ?" ಎಂದಳು. ಕೆಲಸ ಇದ್ದರೆ ಕೋಣೆ, ಕೋಣೆ ಇದ್ದರೆ ಆ ದಡ. ಹಾಗಾಗಿ ನಾನೇ ಹೋಗಿ ಜೊತೆಗಿದ್ದೆ. ಆದರೆ ಅಂದಿನಿಂದ ಅವಳು ಟೆಂಟುಗಳಿಗೆಲ್ಲ ಕಗ್ಗಂಟು ಹಾಕತೊಡಗಿದಳು. ಬಂದವರು ಚಾಕುವಿನಿಂದ ಹಗ್ಗ ಕೊಯ್ದು, ಆಫೀಸಿಗೆ ಹೋಗಿ ಬೈದು ಹೋಗುವರು.

ಕೊನೆಗೆ ಮೇಲ್ವಿಚಾರಕ ಬಂದ. ಕೆಟ್ಟವನಲ್ಲ. ನಿಂತ ಟೆಂಟೊಂದರ ಹಗ್ಗ ಕೊಯ್ದು ಅವಳ ಕೈಗೆ ಕೊಟ್ಟ.

"ನೋಡಮ್ಮಾ, ನನ್ ಮುಂದೆ ಒಂದೇ ಒಂದು ಜಾರುಗಂಟು ಹಾಕು. ಕೆಲಸಾನೂ ನಿಂದೇ, ರೂಮೂ ನಿಂದೇ. ಇಲ್ಲಾಂದ್ರೆ ಮೇಲಿನವ್ರಿಗೆ ನಾನೇನ್ ಹೇಳ್ಲಿ?"

"ಹಾಕೇ, ಬರೀ ಹಗ್ಗ ಅದು," ಎಂದೆ ನಾನು.

ಅವಳು ಕೂತಳು. ಬೆರಳು ಮರೆತಿರಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಜಾರುಗಂಟು ಬಿದ್ದಿತ್ತು. ನನ್ನ ಜೀವ ಹಗುರಾಯಿತು. ಅವಳು ಅದನ್ನೇ ನೋಡುತ್ತಾ ಕೂತಳು. ಆಮೇಲೆ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಹಲ್ಲಿನಿಂದ ಕಚ್ಚಿ ಬಿಗಿದಳು.

"ಇಷ್ಟೇ ಸಾರ್ ನನ್ ಕೈಲಾಗೋದು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ವಾರದ ಕೊನೇಗೆ ರೂಮ್ ಖಾಲಿ ಮಾಡಮ್ಮಾ," ಎಂದು ಹೊರಟುಹೋದ.

ನನ್ನ ಮನೆಗೆ ಬಂದವಳು ಹೆಚ್ಚು ಕಾಲ ಬಾಳಲಿಲ್ಲ. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ನೀರಿನ ಸದ್ದು ಕೇಳಿಸುವುದಿಲ್ಲ ಎನ್ನುವಳು. ಕಿಟಕಿಗೆ ಬೆನ್ನು ಹಾಕಿ ಮಲಗಿದವಳು ಏಳಲಿಲ್ಲ.

ಬಂದ ಹೊಸದರಲ್ಲಿ ಹಿತ್ತಲ ಗೋಡೆಯ ಮೊಳೆಗೆ ನನಗೊಂದು ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಟ್ಟಿದ್ದಳು. ಮೊನ್ನೆ ಗೋಡೆಗೆ ಸುಣ್ಣ ಹೊಡೆಯಲು ಬಂದವನು ಅದನ್ನು ಬಿಚ್ಚಲಾಗದೆ, "ಯಾರಜ್ಜೀ ಕಟ್ಟಿದ್ದು, ಕೊಯ್ದು ಬಿಡ್ಲಾ?" ಎಂದ.

ಬೇಡ, ಅದನ್ನು ಬಿಟ್ಟು ಸುತ್ತ ಹೊಡೆ ಎಂದೆ.