ಜೇವರ್ಗಿ ದಾರಿಯ ಬುತ್ತಿ ತಾಟು

ಆಳಂದದಲ್ಲಿ ಬೆಳಗಿನ ಬಸ್ಸು ಹಿಡಿದೆವು. ಹೆಂಡತಿ ಶಾಂತಾಳಿಗೆ ಪ್ರಯಾಣ ಪುಕ್ಕಟೆ, ಟಿಕೆಟ್ಟು ನನಗೊಬ್ಬನಿಗೇ. ಅಫಜಲಪುರದವರೆಗೂ ಅವಳು ಅದನ್ನೇ ಹೇಳಿ ನಕ್ಕಳು. ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು, ಗಾಳಿ ತಣ್ಣಗಿತ್ತು. ಅವಳ ತೊಡೆಯ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯದ ಬುತ್ತಿ. ಹೊರಟದ್ದು ಜೇವರ್ಗಿಯ ಮಗಳ ಮನೆಗಾದರೂ ಬುತ್ತಿ ಕಟ್ಟಿದ್ದು ಖಾಸಿಂಬಿ ಆಪಾಳ ಜೊತೆ ಕೂತು ಉಣ್ಣಲಿಕ್ಕೆ.

ಜೇವರ್ಗಿಗೆ ಸ್ವಲ್ಪ ಮೊದಲು, ಹೆದ್ದಾರಿಯ ಮಗ್ಗುಲಲ್ಲಿ, ಆಪಾಳ ಚಹಾದಂಗಡಿ ಇತ್ತು. ಯಾರು ಬೇಕಾದರೂ ಅಲ್ಲಿ ತಮ್ಮ ಬುತ್ತಿ ಬಿಚ್ಚಬಹುದಿತ್ತು. ರಿವಾಜು ಒಂದೇ: ಉಣ್ಣುವ ಮೊದಲು ಒಲೆಯ ಪಕ್ಕದ ಜರ್ಮನ್ ತಾಟಿನಲ್ಲಿ, ಆ ಹಳೆಯ ಅಲ್ಯೂಮಿನಿಯಂ ತಟ್ಟೆಯಲ್ಲಿ, ಒಂದು ರೊಟ್ಟಿ ಇಡಬೇಕು. ಅದು ಬುತ್ತಿಯಿಲ್ಲದೆ ಬಂದವರ ಪಾಲು. ಹೊಸದಾಗಿ ನೌಕರಿಗೆ ಸೇರಿ ಓಡಾಡುತ್ತಿದ್ದಾಗ ನಾನು ಎಷ್ಟೋ ದಿನ ಆ ತಾಟಿನಿಂದಲೇ ಉಂಡಿದ್ದೇನೆ.

ಅಫಜಲಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಅಲ್ಲಿ ಇಳಿದರೆ ಅಂಗಡಿಯೂ ಇಲ್ಲ, ಅದರ ಬೇವಿನ ಮರವೂ ಇಲ್ಲ. ರಸ್ತೆ ಅಗಲವಾಗಿತ್ತು. ಎದುರಿಗೆ ಗಾಜಿನ ಹೋಟೆಲು, ಬಾಗಿಲಲ್ಲಿ ಬೋರ್ಡು: ಹೊರಗಿನ ಊಟ ತರಬಾರದು. ಗಾಜಿನ ಹಿಂದೆ, ಗಿರಾಕಿಗಳಿಗೆ ಕಾಣುವಂತೆ ರೊಟ್ಟಿ ಬಡಿಯುತ್ತ ನಿಂತವಳು ಆಪಾ. ಬುತ್ತಿ ನೋಡಿದವಳೇ ಹಿತ್ತಲಿಗೆ ಬರುವಂತೆ ಸನ್ನೆ ಮಾಡಿದಳು.

ಹಿತ್ತಲಲ್ಲಿ ಅವಳ ಹಳೆಯ ಬೆಂಚು ಇತ್ತು. ರಸ್ತೆ ಅಗಲ ಮಾಡಲು ಅಂಗಡಿ ಕೆಡವಿದ ಮೇಲೆ ಇಲ್ಲೇ ಕೆಲಸಕ್ಕೆ ಸೇರಿದೆ ಎಂದಳು. ಬುತ್ತಿಯವರನ್ನು ಕೂರಿಸಿಕೊಂಡರೆ ಕೆಲಸ ಬಿಡಿಸುತ್ತೇನೆಂದು ಮ್ಯಾನೇಜರ್ ಹೇಳಿದ್ದನಂತೆ. ಅದನ್ನು ಕೇಳಿ ನಾವು ಎದ್ದೆವು. ಅವಳು ಶಾಂತಾಳ ಕೈ ಹಿಡಿದಳು.

"ಕುಂದ್ರು ತಂಗಿ. ದಿನಾ ಮಂದಿಗೆ ರೊಟ್ಟಿ ಬಡೀತೇನಿ. ಮಂದಿ ಜೋಡಿ ಕುಂತು ಉಂಡು ವರ್ಷ ಆತು."

ಬುತ್ತಿ ಬಿಚ್ಚಿದ್ದೆವಷ್ಟೆ, ಹೋಟೆಲಿನ ಕಾವಲುಗಾರ ಬಂದ. ನಡುವಯಸ್ಸಿನವನು, ಕೈಯಲ್ಲಿ ಕೋಲು. ಬೋರ್ಡು ನೋಡಲಿಲ್ಲವೇ ಎಂದು ನನ್ನನ್ನು ಕೇಳಿದ. ನಮ್ಮಿಂದ ಆಪಾಳ ಅನ್ನಕ್ಕೆ ಕಲ್ಲು ಬಿತ್ತು ಅಂದುಕೊಂಡೆ. ಅವಳು ಮಾತ್ರ ಬೆಂಚಿನ ಕೆಳಗಿನಿಂದ ಅದೇ ಜರ್ಮನ್ ತಾಟು ಎಳೆದಳು. ಶಾಂತಾ ಅದರಲ್ಲಿ ರೊಟ್ಟಿ, ಹಿಂಡಿ ಇಟ್ಟಳು.

"ಬುತ್ತಿ ತಂದೀಯೇನಪಾ?" ಎಂದಳು ಆಪಾ.

"ಇಲ್ರಿ."

ಅವನು ಮ್ಯಾನೇಜರನ ಕಿಟಕಿಯ ಕಡೆ ನೋಡಿದ. ಕೋಲನ್ನು ಗೋಡೆಗೆ ಒರಗಿಸಿ, ಒಳಗಿನವರಿಗೆ ನಾವು ಕಾಣದಂತೆ ಆ ಕಿಟಕಿಗೆ ಬೆನ್ನು ಮಾಡಿ ಅಡ್ಡ ಕೂತು ಉಂಡ.

ಜೇವರ್ಗಿಯ ಬಸ್ಸು ಹತ್ತುವಾಗ ತಿರುಗಿ ನೋಡಿದೆ. ಆಪಾ ಗಾಜಿನ ಹಿಂದೆ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಅದೇ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಬುತ್ತಿಗಂಟು ಹಿಡಿದು ಬೋರ್ಡಿನ ಮುಂದೆ ನಿಂತಿದ್ದಳು. ಕಾವಲುಗಾರ ಆಚೀಚೆ ನೋಡಿ, ಅವಳಿಗೆ ಮೆಲ್ಲಗೆ ಹಿತ್ತಲಿನ ದಾರಿ ತೋರಿಸಿದ.