ಹಸಿರು ಇಂಕಿನ ಸಾಕ್ಷಿ

ಸರ್ಕಾರಿ ಪಿಯು ಕಾಲೇಜಿನ ಪ್ರಾಂಶುಪಾಲನಾಗಿದ್ದಷ್ಟು ವರ್ಷವೂ ನನ್ನ ಜೇಬಿನಲ್ಲಿ ಎರಡು ಪೆನ್ನು ಇರುತ್ತಿದ್ದವು. ನೀಲಿಯದು ಎಲ್ಲರ ಬಳಿಯೂ ಇರುವಂಥದ್ದು. ಹಸಿರು ಇಂಕಿನದು ಗೆಜೆಟೆಡ್ ಅಧಿಕಾರಿಗೆ ಮಾತ್ರ. ಬೆಳಗಾದರೆ ರಾಮನಗರದ ನನ್ನ ಮನೆಯ ಜಗುಲಿಯಲ್ಲಿ ಜೆರಾಕ್ಸ್ ಹಿಡಿದ ನಾಲ್ಕು ಜನ ನಿಂತಿರುತ್ತಿದ್ದರು. ಮೂಲ ಪ್ರತಿ ಎಲ್ಲಿ ಎಂದು ನಾನು ಕೇಳುತ್ತಿರಲಿಲ್ಲ, ಅವರೂ ತೋರಿಸುತ್ತಿರಲಿಲ್ಲ. ಹಸಿರಿನಲ್ಲಿ ಸಹಿ, ಅದರ ಕೆಳಗೆ ಸೀಲು, ಸ್ಥಳ, ದಿನಾಂಕ. ಕೈ ಮುಗಿದು ಹೋಗುತ್ತಿದ್ದರು. ಇಂಕಿನ ಬಣ್ಣ ನೋಡಿ ನಡು ಬಗ್ಗಿಸುವ ಈ ಜನರ ಬಗ್ಗೆ ನನಗೆ ಇದ್ದದ್ದು ತಾತ್ಸಾರ ಒಂದೇ. ಆ ಬಣ್ಣಕ್ಕೆ ಅವರೆಲ್ಲರಿಗಿಂತ ಹೆಚ್ಚು ಮರುಳಾಗಿದ್ದವನು ನಾನೇ ಎಂದು ಗೊತ್ತಾದದ್ದು ದೊಡ್ಡಮ್ಮನ ಉಯಿಲಿನಿಂದ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಕೂಟಗಲ್ ಕಡೆಯ ಹಳ್ಳಿಯಲ್ಲಿ ಒಂದು ಮನೆ, ಅದರ ಹಿಂದೆ ಒಂದಿಷ್ಟು ಹಿಪ್ಪುನೇರಳೆ ತೋಟ, ಇವು ತಾತ ತೀರಿಕೊಂಡ ಮೇಲೆ ಭಾಗದಲ್ಲಿ ಅವಳಿಗೆ ಬಂದಿದ್ದವು. ಮಕ್ಕಳಾಗಲಿಲ್ಲ. ದೊಡ್ಡಪ್ಪ ಮನೆ ಅಳಿಯನಾಗಿ ಬಂದವನು, ಬರುವಾಗ ಗಂಡ ಬಿಟ್ಟಿದ್ದ ತಂಗಿಯನ್ನೂ ಜೊತೆಗೆ ಕರೆತಂದ. ಅವಳನ್ನು ನಾನು ಅತ್ತೆ ಎನ್ನುತ್ತಿದ್ದೆ. ದೊಡ್ಡಪ್ಪ ಹೋದ ಮೇಲೆ ಇಬ್ಬರು ಹೆಂಗಸರೂ ಸೇರಿ ಮೂವತ್ತು ವರ್ಷ ರೇಷ್ಮೆ ಹುಳ ಮೇಯಿಸಿದರು. ದೊಡ್ಡಮ್ಮನ ಮಂಡಿ ಕೈಕೊಟ್ಟ ಮೇಲೆ ಅವಳನ್ನು ಎತ್ತಿ ಕೂರಿಸುವುದರಿಂದ ಹಿಡಿದು ಸೊಪ್ಪು ಕೊಯ್ಯುವವರೆಗೆ ಎಲ್ಲವೂ ಅತ್ತೆಯ ಪಾಲಿಗೆ ಬಿತ್ತು. ಆದರೆ ಕಾನೂನಿನ ಕಣ್ಣಿಗೆ ಆ ಮನೆಯಲ್ಲಿ ಅತ್ತೆ ಯಾರೂ ಅಲ್ಲ. ದೊಡ್ಡಮ್ಮ ಬರೆದಿಡದೆ ಹೋದರೆ ತವರಿನಿಂದ ಬಂದ ಆಸ್ತಿ ತವರಿನವರಿಗೇ ವಾಪಸ್ಸು: ತೀರಿಹೋದ ಸೋದರಮಾವನ ಮಗನಿಗೆ, ಮತ್ತು ನನ್ನ ತಾಯಿಯೂ ಇಲ್ಲವಾದ್ದರಿಂದ ನನಗೆ.

ಈ ಮಾವನ ಮಗ ಬಿಡದಿಯ ಕಾರ್ಖಾನೆಗಳಿಗೆ ಆಳು ಒದಗಿಸುವ ಕಾಂಟ್ರಾಕ್ಟರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ದೊಡ್ಡಮ್ಮನ ಮನೆಗೆ ಬಂದಾಗಲೆಲ್ಲ ಅವಳ ಆರೋಗ್ಯ ವಿಚಾರಿಸುವ ಮೊದಲು ಗೋಡೆ ತಟ್ಟಿ ನೋಡುತ್ತಿದ್ದ. ಅದನ್ನು ಕಂಡೇ ದೊಡ್ಡಮ್ಮ ಒಂದು ದಿನ ನನಗೆ ಫೋನು ಮಾಡಿದಳು.

"ಮಗಾ, ಇದ್ನೆಲ್ಲ ನಿಮ್ಮತ್ತೆ ಹೆಸ್ರಿಗೆ ಬರ್ದುಬುಡ್ತೀನಿ ಕಣ್ಲಾ. ನಾನ್ ಕಣ್ ಮುಚ್ಚಿದ್ ಮಾರ್ನೆ ದಿನ್ವೇ ಅವ್ನು ಅವಳ್ನ ಬೀದಿಗ್ ತಳ್ತಾನೆ. ನೀನು ಓದ್ಕಂಡೋನು. ಒಂದಿನ ಬಾ. ನಿನ್ ಮುಂದ್ಲೇ ಸೈನ್ ಹಾಕ್ತೀನಿ."

ಬರುತ್ತೇನೆ ಎಂದೆ. ಭಾನುವಾರ ಎಂದು ನಿಗದಿಯಾಯಿತು.

ಪತ್ರ ಬರೆಯುವವನೊಬ್ಬನನ್ನು ಹಿಡಿದೆವು. ಉಯಿಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಈ ಮಹಾಶಯ ಮಾತ್ರ ಸ್ಟಾಂಪ್ ಪೇಪರ್ ಇಲ್ಲದಿದ್ದರೆ ಬೆರಳನ್ನೇ ಆಡಿಸುವುದಿಲ್ಲ ಎಂದ. ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದ. ಹಿಂದೆ ಯಾರಿಗೋ ಬರೆದದ್ದನ್ನೇ ಎತ್ತಿ ಇಟ್ಟಿದ್ದ. ಮಕ್ಕಳಿಲ್ಲದ ನನ್ನ ದೊಡ್ಡಮ್ಮ ಅದರಲ್ಲಿ "ನನ್ನ ಮೂವರು ಗಂಡುಮಕ್ಕಳ ಒಪ್ಪಿಗೆಯಿಂದ" ಎನ್ನುತ್ತಿದ್ದಳು. ನಾನು ಪ್ರಿಂಟು ತೆಗೆಸಿ, ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಗೀಚಿ ಗೀಚಿ ತಿದ್ದಿದೆ. ಅವನಿಗೆ ಫೋನು ಮಾಡಿ ಎಂಟನೇ ತರಗತಿಯ ಹುಡುಗನಿಗೆ ಬೈಯುವ ಹಾಗೆ ಬೈದೆ. ಬಹಳ ಖುಷಿಯಾಯಿತು.

ಆ ಭಾನುವಾರವೇ ಕನಕಪುರದಲ್ಲಿ ನನಗೊಂದು ಸನ್ಮಾನ ಬಂತು. ಶಾಲು, ಮೈಸೂರು ಪೇಟ, ಬಾಡಿದ ಹಣ್ಣಿನ ಬುಟ್ಟಿ, ನನ್ನ ಹೆಸರನ್ನೇ ತಪ್ಪಾಗಿ ಹೇಳಿದ ನಿರೂಪಕ. ಇಂಥ ಸಮಾರಂಭಗಳನ್ನು ನೋಡಿ ಮೂಗು ಮುರಿಯುವುದು ನನ್ನ ಅಭ್ಯಾಸ, ಒಂದನ್ನೂ ತಪ್ಪಿಸಿಕೊಳ್ಳದಿರುವುದೂ ನನ್ನ ಅಭ್ಯಾಸವೇ. ದೊಡ್ಡಮ್ಮನಿಗೆ ಫೋನು ಮಾಡಿ, ನೀನು ಸೈನ್ ಹಾಕಿ ಕಾಗದ ಕಳಿಸು, ಸಾಕ್ಷಿ ಸೈನು ನಾನು ಇಲ್ಲೇ ಹಾಕಿ ಕೊಡ್ತೀನಿ ಎಂದೆ.

"ನೀನ್ ಬಂದಿದ್ರೆ ಚೆಂದಾಗಿತ್ತು," ಎಂದಷ್ಟೇ ಹೇಳಿದಳು.

ಸೋಮವಾರ ಬೆಳಿಗ್ಗೆ ಅತ್ತೆ ಮೊದಲ ಬಸ್ಸಿಗೇ ಬಂದಳು. ಕಾಗದವನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಜೆರಾಕ್ಸಿನವರ ಸಾಲಿನಲ್ಲಿ ಅವಳೂ ಕೂತಳು, ನಾನು ಪೇಪರು ಓದಿ ಮುಗಿಸುವವರೆಗೆ. ಒಳಗೆ ಕರೆಯಬೇಕೆಂದು ನನಗೆ ಹೊಳೆಯಲೂ ಇಲ್ಲ.

"ಒಸಿ ಬೇಗ ಹಾಕ್ಕೊಡು ಕಣಪ್ಪಾ. ಹುಳ ಜ್ವರದಿಂದ ಎದ್ದವೆ, ಸೊಪ್ಪು ಹಾಕ್ಬೇಕು," ಎಂದಳು. ಜ್ವರವೆಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು; ಅದರಿಂದ ಎದ್ದವು ಹಸಿದಿರುತ್ತವೆ.

ದೊಡ್ಡಮ್ಮ ವಯಸ್ಕರ ಶಿಕ್ಷಣದಲ್ಲಿ ಕಲಿತ ಮೂರು ಅಕ್ಷರದ ಸಹಿ ಸೊಟ್ಟಗೆ ಕೂತಿತ್ತು. ಅದರ ಕೆಳಗೆ ನಾನು ಹಸಿರು ಪೆನ್ನು ತೆಗೆದು ದೊಡ್ಡದಾಗಿ ಸಹಿ ಎಳೆದೆ, ಸೀಲು ಒತ್ತಿದೆ, ಕ್ರಮಬದ್ಧವಾಗಿ ಸ್ಥಳ, ದಿನಾಂಕ ಬರೆದೆ. "ಇನ್ನು ಯಾವ ಕೋರ್ಟೂ ಇದನ್ನ ಅಲ್ಲಾಡಿಸಕ್ಕಾಗಲ್ಲ ಅತ್ತೆ," ಎಂದೆ. ಅವಳು ಆ ಹಸಿರನ್ನು ಕಣ್ಣಿಗೊತ್ತಿಕೊಂಡಳು. ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗಿ, ಅವರ ಪಂಚಾಯಿತಿಯ ಮಾಜಿ ಅಧ್ಯಕ್ಷ ಬಂದಿದ್ದ ಮದುವೆ ಛತ್ರದ ಮುಂದೆ ಕಾದು, ಜೀಪಿನ ಬಾನೆಟ್ಟಿನ ಮೇಲೆ ಎರಡನೇ ಸಾಕ್ಷಿ ಹಾಕಿಸಿಕೊಂಡಳು. ಆ ಆಸಾಮಿ ಕಾಗದ ಓದಲೂ ಇಲ್ಲವಂತೆ. ಅದನ್ನು ಕೇಳಿ ನಾನು ನಕ್ಕಿದ್ದೆ.

ಮರುವರ್ಷ ದೊಡ್ಡಮ್ಮ ತೀರಿಕೊಂಡಳು. ಅತ್ತೆಯ ಹೆಸರಿಗೆ ಖಾತೆ ಮಾಡಿಸಲು ಹೋದರೆ ಮಾವನ ಮಗ ತಕರಾರು ಹಾಕಿದ. ವಿಷಯ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಮಾಜಿ ಅಧ್ಯಕ್ಷನೂ ಸತ್ತಿದ್ದ. ಉಳಿದ ಸಾಕ್ಷಿ ನಾನೊಬ್ಬನೇ.

ಅತ್ತೆಯ ವಕೀಲ ಕಾಗದ ನೋಡಿ ನನ್ನನ್ನು ಕೂರಿಸಿಕೊಂಡ. "ಸಾರ್, ಅಮ್ಮ ಸೈನ್ ಹಾಕಿದ್ದನ್ನ ನೀವು ನೋಡಿರಬೇಕು, ಇಲ್ಲ ಇದು ನನ್ನ ಸೈನು ಅಂತ ಅವರೇ ನಿಮಗೆ ಹೇಳಿರಬೇಕು. ನೀವು ಹಾಕಿದ್ದು ಅವರ ಎದುರಿಗೇ ಆಗಿರಬೇಕು. ಇಬ್ಬರು ಸಾಕ್ಷಿಗಳಿಗೂ ಇದೇ ರೂಲು. ಕಾನೂನು ಕೇಳೋದು ಇಷ್ಟೇ. ಸ್ಟಾಂಪು, ಸೀಲು, ಹಸಿರು ಇಂಕು ಯಾವುದಕ್ಕೂ ಬೆಲೆ ಇಲ್ಲ. ಊರಿನ ದನ ಕಾಯೋರಿಬ್ಬರು ಎದುರಿಗೆ ಕೂತು ಹೆಬ್ಬೆಟ್ಟು ಒತ್ತಿದ್ರೂ ಸಾಕಿತ್ತು."

ಸುಳ್ಳು ಹೇಳುವುದೆಂದು ತೀರ್ಮಾನಿಸಿದೆ. ಅತ್ತೆಗೋಸ್ಕರ ಎಂದುಕೊಂಡೆ, ನನ್ನ ಮರ್ಯಾದೆಗೋಸ್ಕರವೂ ಹೌದು.

ಕಟಕಟೆಯಲ್ಲಿ ನಿಂತು, ಭಾನುವಾರ ಹಳ್ಳಿಯ ಮನೆಯಲ್ಲಿ, ದೊಡ್ಡಮ್ಮನೂ ನಾವಿಬ್ಬರು ಸಾಕ್ಷಿಗಳೂ ಒಟ್ಟಿಗೆ ಕೂತು ಸಹಿ ಮಾಡಿದೆವು ಎಂದೆ. ಪಾಠ ಮಾಡುವ ಧ್ವನಿಯಲ್ಲೇ ಹೇಳಿದೆ. ಮಾವನ ಮಗನ ಕಡೆಯ ವಕೀಲೆ ಕಾಗದವನ್ನು ನನ್ನ ಕೈಗೆ ಕೊಟ್ಟಳು.

"ನಿಮ್ಮ ಸಹಿ ಕೆಳಗೆ ನೀವೇ ಬರೆದಿರೋದನ್ನ ಒಂಚೂರು ಓದಿ ಸಾರ್."

ಹಸಿರು ಇಂಕಿನಲ್ಲಿ, ನನ್ನ ದುಂಡು ಅಕ್ಷರದಲ್ಲಿ, "ಸ್ಥಳ: ರಾಮನಗರ" ಎಂದಿತ್ತು. ದಿನಾಂಕ ಸೋಮವಾರದ್ದು. ಹಳ್ಳಿಗೆ ಹೋಗಿರಲಿಲ್ಲ ಎಂದು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಇಡೀ ಕೆಲಸದಲ್ಲಿ ನಾನು ಪ್ರಾಮಾಣಿಕವಾಗಿ ಬರೆದದ್ದು ಆ ಎರಡು ಸಾಲು ಮಾತ್ರ.

ಉಯಿಲು ಬಿದ್ದುಹೋಯಿತು. ಕೋರ್ಟಿನ ಹೊರಗೆ ಮಾವನ ಮಗ ನನ್ನ ಹೆಗಲ ಮೇಲೆ ಕೈ ಹಾಕಿ, "ಬುಡು ಭಾವ, ನಿಂಗೂ ಅರ್ಧ ಬಂತಲ್ಲ," ಎಂದ. ಅವನನ್ನು ಕಂಡರೆ ಹೇಸಿಗೆ ಪಡುತ್ತಿದ್ದ ನನಗೆ ಆ ಕೈಯನ್ನು ಕೊಡವಿಕೊಳ್ಳಲು ಅವತ್ತು ಯಾವ ಅರ್ಹತೆಯೂ ಇರಲಿಲ್ಲ.

ಅದಾದ ಮೇಲೆ ಹಳ್ಳಿಗೆ ಹೋದೆ, ಕರೆಯದೆಯೇ. ಅತ್ತೆ ಕೋಡಿಹಳ್ಳಿಯ ನೆಂಟರ ಮನೆಗೆ ಹೊರಟು ಗಂಟು ಕಟ್ಟುತ್ತಿದ್ದಳು. ನನ್ನ ಅರ್ಧವನ್ನು ನಿಮ್ಮ ಹೆಸರಿಗೆ ಬರೆದುಕೊಡ್ತೀನಿ, ಇಲ್ಲೇ ಇರಿ ಎಂದೆ. ಅವಳು ಗಂಟಿನಿಂದ ಕೈ ತೆಗೆಯಲಿಲ್ಲ.

"ಆ ಭಾನ್ವಾರ ಅತ್ಗೆ ಪೆನ್ ಹಿಡ್ಕಂಡು ಬಾಗ್ಲೇ ನೋಡ್ತಾ ಕೂತಿದ್ಲು ಕಣಪ್ಪಾ. ಬರಾಕಿಲ್ಲ ಅಂತ ನೀನ್ ಹೇಳಿದ್ರೂವೆ. ಬೆಳ್ಗಿನ್ ಬಸ್ಸು ಹೋಯ್ತು, ಮದ್ಯಾನ್ದ್ ಬಸ್ಸೂ ಹೋಯ್ತು, ಆಮೇಲೇ ಸೈನ್ ಹಾಕಿದ್ದು."

ಗಂಟು ಬಿಗಿದು ತಲೆ ಎತ್ತಿದಳು.

"ಈಗ ಇದ್ಕೂ ಕಾಗ್ದ ತಕ್ಕಂಡು ನಾನೇ ಬರ್ಬೇಕಾ, ನಿನ್ ಜಗ್ಲಿಗೆ?"